ಪೂಜೆಗಿಟ್ಟ ಕಂಪ್ಯೂಟರಿನಲ್ಲಿ ಒಂದು ದೀರ್ಘ

ಆ ವರ್ಷಗಳಲ್ಲಿ ಬೆಳಿಗ್ಗೆ ಚಾಮರಾಜಪೇಟೆಯ ಮನೆಯಿಂದ ಹೊರಡುವ ಮುಂಚೆ ನಾನು ತಪ್ಪದೆ ಒಂದು ಕೆಲಸ ಮಾಡುತ್ತಿದ್ದೆ. ನಡುವೆ ಚುಕ್ಕಿಗಳಿರುವ ನಾಲ್ಕು ಸಂಖ್ಯೆಗಳನ್ನು ಹಳೆಯ ಬಸ್ ಟಿಕೆಟಿನ ಬೆನ್ನ ಮೇಲೆ ಬರೆದು ಪರ್ಸಿಗೆ ಹಾಕಿಕೊಳ್ಳುತ್ತಿದ್ದೆ. ಅದು ನಮ್ಮ ನಡುಮನೆಯ ಕಂಪ್ಯೂಟರಿಗೆ ಆ ದಿನ ಇದ್ದ ವಿಳಾಸ. ಕರೆಂಟು ಹೋಗಿ ಬಂದರೆ, ಅಥವಾ ಮೋಡೆಮ್ಮು ಸುಮ್ಮನೆ ಒಮ್ಮೆ ಕಣ್ಣು ಮುಚ್ಚಿ ತೆರೆದರೆ, ವಿಳಾಸ ಬದಲಾಗುತ್ತಿತ್ತು. ಹಾಗಾದ ದಿನ ಸಂಜೆಯವರೆಗೆ ನನ್ನ ಮನೆ ನನಗೇ ಸಿಗುತ್ತಿರಲಿಲ್ಲ. ಆ ದಿನ ಕಾಲೇಜಿನಲ್ಲಿ ಎಲ್ಲರ ಮೇಲೂ ಸಿಡುಕುತ್ತಿದ್ದೆ.

ಸಿಡುಕುತ್ತಿದ್ದೆ ಎಂದು ಈಗ ಬರೆಯುತ್ತಿದ್ದೇನೆ. ಬೇರೆಯವರು ಹಾಗೆ ಹೇಳಿದ್ದು ನೆನಪೋ, ನನಗೇ ಹಾಗೆ ಅನ್ನಿಸಿತ್ತೋ, ಹೇಳಲಾರೆ.

ಮಲ್ಲೇಶ್ವರದ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ನಾನು ಚರಿತ್ರೆ ಪಾಠ ಹೇಳುತ್ತಿದ್ದೆ. ನನ್ನ ಹತ್ತಿರ ಒಂದು ಟ್ಯಾಬ್ಲೆಟ್ ಇತ್ತು. ಆ ಮಾತು ಕೇಳಿದರೆ ಜನ ಇನ್ನೂ ಮಾತ್ರೆ ಅಂದುಕೊಳ್ಳುತ್ತಿದ್ದ ಕಾಲ ಅದು. ಅಕ್ಕನ ಗಂಡ ಅದನ್ನು ಹೊರದೇಶದಿಂದ ತರಿಸಿಕೊಂಡು, ಗಾಜಿನ ಮೇಲೆ ಪೆನ್ನು ಎಳೆದು ಎಳೆದು ಬೇಸತ್ತು, ನನಗೆ ದಾಟಿಸಿದ್ದರು. ದಪ್ಪಗಿತ್ತು, ತೊಡೆಯ ಮೇಲೆ ಇಟ್ಟುಕೊಂಡರೆ ಬಿಸಿಯಾಗುತ್ತಿತ್ತು. ಮನೆಯಲ್ಲಿ ಎಲ್ಲರೂ ಅದನ್ನು ಸ್ಲೇಟು ಎಂದೇ ಕರೆಯುತ್ತಿದ್ದೆವು. ಕಂಪ್ಯೂಟರ್ ವಿಭಾಗದ ಗೆಳತಿಯೊಬ್ಬಳು ಸ್ಲೇಟಿಗೂ ಮನೆಯ ಕಂಪ್ಯೂಟರಿಗೂ ಒಂದು ಸಣ್ಣ ಪ್ರೋಗ್ರಾಂ ಹಾಕಿಕೊಟ್ಟಿದ್ದಳು. ಸ್ಟಾಫ್ ರೂಮಿನ ಕೇಬಲ್ ಚುಚ್ಚಿ, ಟಿಕೆಟಿನ ಮೇಲಿನ ಸಂಖ್ಯೆ ಕೊಟ್ಟರೆ, ಒಂದೆರಡು ನಿಮಿಷದಲ್ಲಿ ಸ್ಲೇಟಿನ ಮೇಲೆ ಮನೆಯ ಪರದೆ ಪಟ್ಟಿ ಪಟ್ಟಿಯಾಗಿ ಮೂಡುತ್ತಿತ್ತು. ನಾನು ಇಲ್ಲಿ ಪೆನ್ನು ಸರಿಸಿದರೆ ಅಲ್ಲಿ ಬಾಣ ಸರಿಯುತ್ತಿತ್ತು. ನಾನು ಇಲ್ಲಿ ನೋಡುವುದು ಅಲ್ಲಿನ ಪರದೆಯ ಮೇಲೂ ಕಾಣುತ್ತದೆ ಎಂದು ಗೆಳತಿ ಮೊದಲೇ ಹೇಳಿದ್ದಳು. ಕಾಲೇಜಿನ ಹೊತ್ತಿನಲ್ಲಿ ಮನೆಯಲ್ಲಿ ಅದರ ಮುಂದೆ ಯಾರೂ ಕೂರುತ್ತಿರಲಿಲ್ಲ. ಹೇಗೂ ಪರದೆ ನಿದ್ದೆಹೋಗಿರುತ್ತದೆ, ನಿದ್ದೆಹೋದದ್ದು ದೂರದಿಂದ ಏಳುವುದಿಲ್ಲ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ.

ಇಷ್ಟು ಪಾಡು ಯಾಕೆಂದರೆ, ನನ್ನ ದಿನಚರಿ ಆ ಕಂಪ್ಯೂಟರಿನಲ್ಲಿತ್ತು ಮತ್ತು ಬೇರೆಲ್ಲೂ ತೆರೆಯುತ್ತಿರಲಿಲ್ಲ. ತೊಂಬತ್ತರ ದಶಕದ ನಡುವಿನಲ್ಲಿ ನನ್ನ ಗಂಡ ಕಚೇರಿಯ ಕೆಲಸದ ಜೊತೆಗೆ ಸುಲ್ತಾನ್‌ಪೇಟೆಯ ಅಂಗಡಿಗಳಿಗೆ ಲಗ್ನಪತ್ರಿಕೆ ಕಂಪೋಸ್ ಮಾಡಿಕೊಡುತ್ತಿದ್ದರು. ಅದಕ್ಕೆಂದು ಕೊಂಡ ಕನ್ನಡ ಸಾಫ್ಟ್‌ವೇರಿಗೆ ಒಂದು ಬೀಗವಿತ್ತು. ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ ತುಂಡು. ಅದನ್ನು ಕಂಪ್ಯೂಟರಿನ ಬೆನ್ನಿಗೆ ಚುಚ್ಚಿದರೆ ಮಾತ್ರ ಕನ್ನಡ ಬರುತ್ತಿತ್ತು. ನಾನೂ ಅದರಲ್ಲೇ ಟೈಪು ಕಲಿತೆ, ಅದರಲ್ಲೇ ದಿನಚರಿ ಬರೆದೆ. ಆ ಫೈಲನ್ನು ಸ್ಲೇಟಿಗೆ ನಕಲು ಮಾಡಿಕೊಂಡರೆ ನನ್ನ ಹನ್ನೆರಡು ವರ್ಷ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ರಾಶಿಯಾಗಿ ಕಾಣುತ್ತಿತ್ತು. ನಾನು ಬರೆದದ್ದನ್ನು ನಾನು ಓದಬೇಕಾದರೆ ಮನೆಯ ಯಂತ್ರದ ಒಳಕ್ಕೇ ಹೋಗಬೇಕು.

ಹೋಗುತ್ತಿದ್ದೆ. ಎರಡು ಕ್ಲಾಸುಗಳ ನಡುವೆ, ಊಟದ ಡಬ್ಬಿ ತೆರೆಯುವ ಮುಂಚೆ, ಕೆಲವು ದಿನ ಮೂರು ನಾಲ್ಕು ಸಲ. ಯಾರಾದರೂ "ನೀವು ಅವತ್ತು ಹಾಗಂದಿದ್ರಿ" ಅಂದರೆ ಸಾಕು, ನಾನು ಹಾಗೆ ಅಂದಿದ್ದೆನೋ ಇಲ್ಲವೋ ನೋಡದೆ ಕೂರಲಾಗುತ್ತಿರಲಿಲ್ಲ. ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಇರಲಿಲ್ಲ. ಬರೆದಿಟ್ಟದ್ದರ ಮೇಲೆ ಪೂರ್ತಿ ನಂಬಿಕೆ ಇತ್ತು. ಚರಿತ್ರೆ ಓದಿದವಳು ಹಾಗೆ ನಂಬಬಾರದು. ಬರೆದವರು ಯಾರು, ಯಾವಾಗ, ಯಾಕೆ ಎಂದು ಕೇಳಬೇಕೆಂದು ಹುಡುಗಿಯರಿಗೆ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದೆ.

ಆ ವರ್ಷದ ದಸರಾ ಹೊತ್ತಿಗೆ ನಾನು ಮತ್ತೆ ಮತ್ತೆ ತೆರೆಯುತ್ತಿದ್ದದ್ದು ಒಂದೇ ಪುಟ. ಹನ್ನೆರಡು ವರ್ಷದ ಹಿಂದೆ, ಮಗಳಿಗೆ ಏಳು ತಿಂಗಳಾಗಿದ್ದಾಗ, ನಾನು ಪಿಎಚ್.ಡಿ. ಬಿಟ್ಟೆ. ಮೈಸೂರು ಸೀಮೆಯ ಹಳೆಯ ಹೆಣ್ಣುಮಕ್ಕಳ ಶಾಲೆಗಳ ಮೇಲೆ ಎರಡು ಅಧ್ಯಾಯ ಬರೆದು ನಿಲ್ಲಿಸಿದೆ. ಯಾಕೆ ಬಿಟ್ಟೆ ಎಂದರೆ, ಅತ್ತೆ ಒಂದು ದಿನ ಅಡುಗೆಮನೆಯಲ್ಲಿ "ನಿನ್ ಓದು ಸಾಕು" ಅಂದರು. ನಾನು ಎದುರು ಮಾತಾಡಲಿಲ್ಲ, ಪುಸ್ತಕಗಳನ್ನು ಅಟ್ಟಕ್ಕೆ ಹಾಕಿದೆ. ಅದರ ಬಗ್ಗೆ ನಾವಿಬ್ಬರೂ ಮತ್ತೆ ಒಂದು ಮಾತೂ ಆಡಲಿಲ್ಲ. ಒಂದೇ ಮನೆಯಲ್ಲಿ ಹನ್ನೆರಡು ವರ್ಷ ಇದ್ದೆವು. ಅವರು ಸೊಪ್ಪು ಬಿಡಿಸಿದರೆ ನಾನು ಒಗ್ಗರಣೆ ಹಾಕುತ್ತಿದ್ದೆ. ಆ ಸಾಲು ಮಾತ್ರ ನನ್ನೊಳಗೆ ಕೂತಿತ್ತು.

ಈಗ ನನ್ನ ಹಳೆಯ ಗೈಡು, ನಿವೃತ್ತರಾಗುವ ಮುಂಚೆ, ಮರುನೋಂದಣಿಯ ಅರ್ಜಿ ಕಳಿಸಿದ್ದರು. ದಸರಾ ರಜೆ ಮುಗಿದ ಮೊದಲ ಸೋಮವಾರ ವಿಶ್ವವಿದ್ಯಾಲಯಕ್ಕೆ ಕೊಡಬೇಕು. ಎಲ್ಲ ತುಂಬಿದ್ದೆ, ಒಂದು ಅಂಕಣ ಬಿಟ್ಟು: "ಹಿಂದೆ ಅಧ್ಯಯನ ನಿಲ್ಲಿಸಿದ್ದಕ್ಕೆ ಕಾರಣ." ಆ ಖಾಲಿ ಜಾಗಕ್ಕೆ ನನ್ನ ಹತ್ತಿರ ಹನ್ನೆರಡು ವರ್ಷದಿಂದ ಉತ್ತರ ಸಿದ್ಧವಿತ್ತು. ಪೆನ್ನು ಹಿಡಿದಾಗ ಮಾತ್ರ ಕೈ ಮುಂದೆ ಹೋಗಲಿಲ್ಲ. ಅತ್ತೆಯ ಮೇಲೆ ಹೊರಿಸುವ ಮುಂಚೆ ಇನ್ನೊಮ್ಮೆ ನೋಡಿಬಿಡೋಣ ಅನ್ನಿಸುತ್ತಿತ್ತು. ನೋಡುತ್ತಿದ್ದೆ, ಸಾಲು ಅಲ್ಲೇ ಇರುತ್ತಿತ್ತು, ಆದರೂ ಅಂಕಣ ಖಾಲಿಯಾಗಿಯೇ ಉಳಿಯುತ್ತಿತ್ತು.

ಅತ್ತೆ ಪ್ರೈಮರಿ ಶಾಲೆಯಲ್ಲಿ ಮೇಡಂ ಆಗಿದ್ದವರು. ಮೂವತ್ತು ವರ್ಷ ಉಕ್ತಲೇಖನ ಹೇಳಿದ ನಾಲಗೆ. ನಿವೃತ್ತಿಯಾದ ಮೇಲೆ ಮಗ ಕಂಪೋಸ್ ಮಾಡಿದ ಲಗ್ನಪತ್ರಿಕೆಗಳ ಪ್ರೂಫು ತಿದ್ದುತ್ತಿದ್ದರು, ಕೆಂಪು ಪೆನ್ನು ಹಿಡಿದು. ಆ ಸಾಫ್ಟ್‌ವೇರಿನಲ್ಲಿ ದೀರ್ಘಕ್ಕೆ ಬೇರೆ ಕೀಲಿ. ಅಕ್ಷರ ಒತ್ತಿ ಆಮೇಲೆ ದೀರ್ಘ ಒತ್ತಬೇಕು, ಆತುರದಲ್ಲಿ ಬಿಟ್ಟುಹೋಗುತ್ತಿತ್ತು. "ಬೀಗರ ಔತಣ" ಎಂದಿರಬೇಕಾದ್ದು "ಬಿಗರ ಔತಣ" ಆಗಿದ್ದರೆ ಅತ್ತೆ ಹಾಳೆ ಎತ್ತಿ ಮಗನಿಗೆ ತೋರಿಸುತ್ತಿದ್ದರು. "ದೀರ್ಘ ಬಿಟ್ರೆ ಬೀಗರು ಬಿಗ್ಕೋತಾರಪ್ಪ. ಆಮೇಲೆ ಮದ್ವೆ ನೀನ್ ಮಾಡಿಸ್ತೀಯಾ?"

ನಮ್ಮ ಮನೆಯಲ್ಲಿ ನವರಾತ್ರಿಯ ಮೂಲಾ ನಕ್ಷತ್ರದ ದಿನ ಪುಸ್ತಕಗಳನ್ನು ಪೂಜೆಗೆ ಇಟ್ಟರೆ, ಶ್ರವಣದ ದಿನ ಮರುಪೂಜೆ ಮಾಡಿ ತೆಗೆಯುವವರೆಗೆ ಯಾರೂ ಓದುವಂತಿಲ್ಲ, ಬರೆಯುವಂತಿಲ್ಲ. ಪೇಪರು ಕೂಡ ಮಡಿಸಿದ್ದು ಮಡಿಸಿದ ಹಾಗೇ ಇರುತ್ತಿತ್ತು. ಆ ವರ್ಷ ಅತ್ತೆ ಕಂಪ್ಯೂಟರನ್ನೂ ಸೇರಿಸಿದರು. "ಅದೂ ಅಕ್ಷರದ್ದೇ ತಾನೆ," ಅಂದರು. ಪರದೆಗೆ ಗಂಧ ಕುಂಕುಮ ಇಟ್ಟು, ಸೇವಂತಿಗೆ ಮಾಲೆ ಹಾಕಿ, ಕೆಳಗಿನ ಡಬ್ಬಕ್ಕೆ ಮಾವನವರ ಹಳೆಯ ಶಲ್ಯ ಹೊದಿಸಿದರು. ಪುಸ್ತಕದ ರಾಶಿಯ ಮೇಲೆ ಕೆಂಪು ಪೆನ್ನು ಇಟ್ಟರು. ಕೊನೆಗೆ ತಮ್ಮ ಕನ್ನಡಕ ತೆಗೆದು ಅದನ್ನೂ ಇಟ್ಟರು.

"ಅದ್ಯಾಕೆ ಅತ್ತೆ?"

"ಓದೋ ಹಾಗಿಲ್ಲ ಅಂದ್ಮೇಲೆ ಮೂಗಿನ ಮೇಲೆ ಯಾಕೆ ಭಾರ? ನೀನು ಅದನ್ನ ಆಫ್ ಮಾಡಿದೀಯ ತಾನೆ?"

"ಹ್ಞೂಂ," ಅಂದೆ.

ಮಾಡಿರಲಿಲ್ಲ. ಪರದೆ ತಾನಾಗಿ ಕಪ್ಪಾಗಿತ್ತು, ಅಷ್ಟೆ. ಶಲ್ಯದ ಕೆಳಗೆ ಫ್ಯಾನು ಸಣ್ಣಗೆ ತಿರುಗುತ್ತಿತ್ತು. ಮೂರು ದಿನ ಆ ಪುಟ ಸಿಗದಿದ್ದರೆ ಏನಾಗಿಬಿಡುತ್ತಿತ್ತು ಎಂದು ಈಗ ಕೇಳಿಕೊಂಡರೆ ಉತ್ತರ ಹೊಳೆಯುವುದಿಲ್ಲ. ಆಗ ಮಾತ್ರ ಆಫ್ ಮಾಡಲು ಕೈ ಬರಲಿಲ್ಲ. ಮಾರನೆಯ ದಿನ ಅಕ್ಕನ ಮನೆಯ ಬೊಂಬೆ ನೋಡಲು ಹೊರಟಾಗ ವಿಳಾಸವನ್ನೂ ಬರೆದುಕೊಂಡೆ. ಬರೆಯಬಾರದ ದಿನ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಬರೆದೆ.

ಅಕ್ಕನ ಮನೆ ಮಲ್ಲೇಶ್ವರದ ಒಂದು ಕ್ರಾಸಿನಲ್ಲಿ. ಮಧ್ಯಾಹ್ನದ ಹೊತ್ತು, ಬಾಗಿನಕ್ಕೆ ಜನ ಬರುವುದು ಇನ್ನೂ ಶುರುವಾಗಿರಲಿಲ್ಲ. ಅಕ್ಕ ಬೊಂಬೆಗಳ ಮೆಟ್ಟಿಲ ಮುಂದೆ ಕೂತು ಉಸಲಿಗೆ ತೆಂಗಿನಕಾಯಿ ತುರಿಯುತ್ತಿದ್ದಳು.

"ಅರ್ಜಿ ಕೊಟ್ಯಾ?" ಅಂದಳು.

"ಸೋಮವಾರ ಕೊಡ್ಬೇಕು. ಒಂದು ಕಾಲಂ ಬಾಕಿ ಇದೆ."

"ಅದೇನು ಯುಪಿಎಸ್ಸಿ ಪರೀಕ್ಷೆನಾ ಅಷ್ಟು ಯೋಚನೆ ಮಾಡಕ್ಕೆ?"

ಯಾವ ಅಂಕಣ ಎಂದು ಹೇಳಿದೆ. ಅತ್ತೆಯ ಮಾತನ್ನೂ ಹೇಳಿದೆ, ಎಷ್ಟನೆಯ ಸಲವೋ.

ಅಕ್ಕ ತುರಿಯುವುದು ನಿಲ್ಲಿಸಿದಳು. "ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಅವತ್ತು ನೀನು ಮಗೂನ ಎತ್ಕೊಂಡು ಇಲ್ಲಿಗೆ ಬಂದೆಯಲ್ಲ, ಅವತ್ತು ನೀನು ಇದನ್ನ ಹೇಳ್ಲಿಲ್ಲ."

"ಮತ್ತೇನು ಹೇಳಿದೆ?"

"ಅತ್ತೆ ಏನೋ ಅಂದ್ರು, ಏನೂಂತ ಗೊತ್ತಾಗ್ಲಿಲ್ಲ, ಕೂಗಿದ ಹಾಗಿತ್ತು, ಅಂದೆ. ಮುಂದಿನ ಸಲ ಬಂದಾಗ ಪೂರ್ತಿ ಸಾಲಾಗಿತ್ತು. ಆಮೇಲಾಮೇಲೆ ಅವರ ಮುಖ ಹೇಗಿತ್ತು ಅಂತಾನೂ ಸೇರ್ಕೊಂಡ್ತು."

"ನನ್ನ ಹತ್ರ ಬರೆದದ್ದಿದೆ ಅಕ್ಕ. ಅವತ್ತೇ ಬರೆದದ್ದು."

"ತೋರ್ಸು ಹಾಗಾದ್ರೆ."

ಬ್ಯಾಗಿನಿಂದ ಸ್ಲೇಟು ತೆಗೆದೆ. ಅಕ್ಕ ನಕ್ಕಳು. "ಪೂಜೆಗಿಟ್ಟಿದಾರೆ ಅಂದ್ಯಲ್ಲೇ?"

"ನಾನು ಮುಟ್ಟಲ್ವಲ್ಲ. ಇಲ್ಲಿಂದ ನೋಡ್ತೀನಿ."

"ಓಹೋ. ದೂರದಿಂದ ಮುಟ್ಟಿದ್ರೆ ಮೈಲಿಗೆ ಆಗಲ್ಲ. ಇದನ್ನ ಮೊದ್ಲೇ ಹೇಳಿದ್ರೆ ನಾನೂ ಮಡಿ ಅಡುಗೆನ ನೈಟೀಲೇ ಮಾಡ್ಬಿಡ್ತಿದ್ದೆ."

ಭಾವ ಮನೆಯಲ್ಲಿ ವೈರಿಲ್ಲದ ಇಂಟರ್ನೆಟ್ ಹಾಕಿಸಿದ್ದರು. ಟಿಕೆಟಿನ ವಿಳಾಸ ಕೊಟ್ಟೆ. ಕರೆಂಟು ಹೋಗಿರಲಿಲ್ಲ, ನಮ್ಮ ಮನೆ ಸಿಕ್ಕಿತು. ಪಟ್ಟಿ ಪಟ್ಟಿಯಾಗಿ ಪರದೆ ಇಳಿಯಿತು. ಫೈಲು ತೆರೆದು, ಆ ವರ್ಷಕ್ಕೆ ಹೋಗಿ, ಆ ಪುಟಕ್ಕೆ ಬಂದೆ. ಲೈನು ನಿಧಾನವಿದ್ದದ್ದರಿಂದ ಅಕ್ಷರಗಳ ಅಂಚು ಒಡೆದು, ನೆನೆದ ಕಾಗದದ ಮೇಲಿನ ಇಂಕಿನ ಹಾಗೆ ಕಾಣುತ್ತಿದ್ದವು. ಅಕ್ಕ ಬಗ್ಗಿ ನೋಡಿದಳು.

"ಇದು ನಿನ್ ಅಂತಲೋ ನೀನ್ ಅಂತಲೋ?"

"ನಿನ್."

"ಅಲ್ಲಿ ಏನೋ ಬಾಲ ಇದ್ದ ಹಾಗಿದೆಯಲ್ಲ."

ನೋಡಿದೆ. ನಿ ಮತ್ತು ನ್ ನಡುವೆ ಒಂದು ಮಸುಕು ಇತ್ತು. ಅದು ದೀರ್ಘವೋ, ಲೈನಿನ ಕೊಳೆಯೋ. ಅಷ್ಟು ವರ್ಷ ಓದಿದ ಸಾಲು. ನಾನು ಅದನ್ನು ಅಕ್ಷರ ಅಕ್ಷರವಾಗಿ ನೋಡಿಯೇ ಇರಲಿಲ್ಲ ಎಂದು ಆಗ ಹೊಳೆಯಿತು. ಸಾಲನ್ನು ಆರಿಸಿ ಅಕ್ಷರದ ಅಳತೆ ಹೆಚ್ಚಿಸಿದೆ. ಸಾಲದೆ ಇನ್ನೂ ಹೆಚ್ಚಿಸಿದೆ. ಕೊನೆಗೆ ಆ ಮೂರು ಪದಗಳೇ ಪರದೆಯ ಉದ್ದಕ್ಕೂ ತುಂಬಿದವು. ದೀರ್ಘ ಇರಲಿಲ್ಲ.

"ನೋಡು," ಅಂದೆ ಅಕ್ಕನಿಗೆ. ಗೆದ್ದವಳ ದನಿಯಲ್ಲಿ ಅಂದಿರಬೇಕು.

ಆಗ ಅಕ್ಕನ ಮನೆಯ ಫೋನು ಹೊಡೆದುಕೊಂಡಿತು. ಅಕ್ಕ ಎತ್ತಿಕೊಂಡು, "ನಿಮ್ಮತ್ತೆ," ಎಂದು ನನ್ನ ಕಡೆ ಚಾಚಿದಳು.

"ಎಲ್ಲಿದೀಯಾ?" ಅಂದರು ಅತ್ತೆ.

"ಅಕ್ಕನ ಮನೇಲೇ ಇದೀನಿ ಅತ್ತೆ."

"ಇಲ್ಲೂ ಇದೀಯಲ್ಲ."

ಸ್ಲೇಟಿನ ಕಡೆ ನೋಡಿದೆ.

"ಅರಿಶಿನ ಕುಂಕುಮಕ್ಕೆ ಎದುರುಮನೆಯೋರು ಬಂದಿದ್ರು," ಅವರ ದನಿ ಪಾಠ ಹೇಳುವ ದನಿಯಷ್ಟೇ ಸಮವಾಗಿತ್ತು. "ಇದ್ದಕ್ಕಿದ್ದ ಹಾಗೆ ಮಾಲೆಯೊಳಗಿಂದ ಬೆಳಕು ಬಂತು. ಅಕ್ಷರ ಓಡಾಡ್ತು. ಅವರು ಸರಸ್ವತಿ ಅಂತ ಕೈ ಮುಗಿದ್ರು. ಅಲ್ಲ ಕಣ್ರೀ, ನಮ್ಮ ಸೊಸೆ ಅಂದೆ. ಈಗ ಹೋದ್ರು."

ಪೆನ್ನು ಹಿಡಿದು ಪುಟ ಮುಚ್ಚಲು ನೋಡಿದೆ. ಬಾಣ ನನ್ನ ಕೈಗಿಂತ ಎಷ್ಟೋ ಹಿಂದಿತ್ತು.

"ಮುಚ್ಚಬೇಡ. ನಾನು ಓದಿ ಆಯ್ತು," ಅಂದರು ಅತ್ತೆ. "ಓದಬಾರದ ದಿನ. ಕನ್ನಡಕಾನೂ ಇಲ್ಲ. ಕಣ್ಣಿಗೆ ಬೀಳ್ತಿರಲಿಲ್ಲ, ನೀನೇ ದೊಡ್ಡದು ಮಾಡಿದೆ."

"ಅತ್ತೆ, ಅದು ಹಳೇದು..."

"ನಿ-ಗೆ ದೀರ್ಘ ಬಿಟ್ಟಿದೀಯ."

"ಹ್ಞಾಂ?"

"ದೀರ್ಘ ಬಿಟ್ಟಿದೀಯ ಅಂದೆ. ನೀನ್ ಓದು, ಸಾಕು. ಮನೆಗೆ ಬಾ, ಫೋನಲ್ಲಿ ವ್ಯಾಕರಣ ಬೇಡ." ಇಟ್ಟುಬಿಟ್ಟರು.

ಉಸಲಿ ತಿಂದು ಹೋಗೆಂದು ಅಕ್ಕ ಹೇಳಿದ್ದು ನೆನಪಿದೆ. ತಿಂದೆನೋ ಇಲ್ಲವೋ ನೆನಪಿಲ್ಲ. ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಾಯಿಸುವಾಗ ಎರಡು ಸಲ ತಪ್ಪು ಪ್ಲಾಟ್‌ಫಾರಂನಲ್ಲಿ ನಿಂತಿದ್ದೆ. ಬಾಯೊಳಗೇ ಎರಡನ್ನೂ ಹೇಳಿ ನೋಡುತ್ತಿದ್ದೆ. ನಿನ್ ಓದು ಸಾಕು: ನಿನ್ನ ಓದು ಇಲ್ಲಿಗೆ ಮುಗಿಯಲಿ. ನೀನ್ ಓದು ಸಾಕು: ನೀನು ಓದಿದರೆ ಅಷ್ಟೇ ಸಾಕು, ಬೇರೇನೂ ಬೇಡ. ಬಾಯಿ ತುಸು ಹೆಚ್ಚು ಹೊತ್ತು ತೆರೆದಿದ್ದರೆ ಒಂದು, ಬೇಗ ಮುಚ್ಚಿದರೆ ಇನ್ನೊಂದು. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ತುಟಿ ನೋಡಿ, ಜಪ ಮಾಡುತ್ತಿದ್ದೇನೆ ಅಂದುಕೊಂಡು, ಜಾಗ ಬಿಟ್ಟು ಸರಿದು ಕೂತರು.

ಟೈಪು ಮಾಡುವಾಗ ದೀರ್ಘದ ಕೀಲಿ ತಪ್ಪಿರಬಹುದು. ಆದರೆ ಹಾಗಿದ್ದರೆ, ಕೇಳಿದಾಗ ನನಗೆ ಸರಿಯಾದ ಅರ್ಥವೇ ಆಗಿರಬೇಕಿತ್ತು, ಪುಸ್ತಕ ಅಟ್ಟಕ್ಕೆ ಹಾಕುತ್ತಿರಲಿಲ್ಲ. ಕೇಳಿಸಿಕೊಂಡದ್ದೇ ತಪ್ಪಿರಬಹುದು. ಅಥವಾ ಅತ್ತೆ ಆಗ ದೀರ್ಘವಿಲ್ಲದೆಯೇ ಹೇಳಿ, ಈಗ ಆ ದೊಡ್ಡ ಅಕ್ಷರಗಳನ್ನು ನೋಡಿ, ಪ್ರೂಫು ತಿದ್ದುವ ಅಭ್ಯಾಸದಿಂದ ತಿದ್ದಿರಬಹುದು. ಮೂರನೆಯದು ನಿಜವಾಗಿರಲಿ ಎಂದು ನಾನು ಬಯಸುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಹನ್ನೆರಡು ವರ್ಷ ನಾನು ಓದದೆ ಇದ್ದದ್ದಕ್ಕೆ ಒಬ್ಬರು ಹೊಣೆ ಇದ್ದರು. ಅವರನ್ನು ಕಳೆದುಕೊಂಡರೆ ಅಲ್ಲಿ ನಾನೊಬ್ಬಳೇ ಉಳಿಯುತ್ತಿದ್ದೆ.

ಮನೆಗೆ ಬಂದಾಗ ಅತ್ತೆ ಕಂಪ್ಯೂಟರಿನ ಮುಂದೆ ಮಣೆ ಹಾಕಿಕೊಂಡು ಹೂಬತ್ತಿ ಹೊಸೆಯುತ್ತಿದ್ದರು. ಪರದೆ ಮತ್ತೆ ಕಪ್ಪಾಗಿತ್ತು. ಕಾಲು ತೊಳೆದು ಬಂದು ಎದುರಿಗೆ ಕೂತೆ.

"ಮಿಕ್ಸಿ ಓಡ್ತಿತ್ತು," ಅತ್ತೆ ತಾವಾಗಿಯೇ ಶುರು ಮಾಡಿದರು. "ಚಟ್ನಿಗೆ. ನೀನು ಮಗೂನ ಸೊಂಟದ ಮೇಲೆ ಇಟ್ಕೊಂಡು ಬಾಗಿಲಲ್ಲಿ ನಿಂತು, ನಾನೇ ರುಬ್ತೀನಿ ಬಿಡಿ ಅತ್ತೆ, ಅಂದೆ. ಕೈಯಲ್ಲಿ ಪುಸ್ತಕ ಬೇರೆ. ನೀನ್ ಓದು ಸಾಕು, ಮಿಕ್ಕಿದ್ದು ನಾನ್ ನೋಡ್ಕೋತೀನಿ ಅಂತ ಕೂಗ್ದೆ. ಆ ಸದ್ದಲ್ಲಿ ಕೂಗದೆ ಇನ್ನೇನು."

ನನ್ನ ನೆನಪಿನ ಅಡುಗೆಮನೆಯಲ್ಲಿ ಮಿಕ್ಸಿ ಇರಲಿಲ್ಲ. ಒಂದು ಸೂಜಿ ಬಿದ್ದರೂ ಕೇಳಿಸುವಷ್ಟು ನಿಶ್ಶಬ್ದವಿತ್ತು, ಅತ್ತೆ ಬೆನ್ನು ತಿರುಗಿಸಿ ನಿಂತಿದ್ದರು.

"ಮಿಕ್ಕಿದ್ದು ನೋಡ್ಕೋತೀನಿ ಅಂದದ್ದು ನನಗೆ ಕೇಳ್ಸೇ ಇಲ್ಲ ಅತ್ತೆ."

"ಅದು ನೀನು ಬರೆದಿದ್ರಲ್ಲೂ ಇಲ್ಲ. ಮುಂದೆ ಏನೂ ಹೇಳಲಿಲ್ಲ ಅಂತ ಬರ್ದಿದೀಯ, ಅದು ಸಣ್ಣಕ್ಷರದಲ್ಲಿತ್ತು, ಪರದೆಗೆ ಮೂಗು ತಾಗಿಸಿ ಓದ್ದೆ." ಅವರ ಮೂಗಿನ ತುದಿಯಲ್ಲಿ ಕುಂಕುಮವಿತ್ತು. "ಅದಕ್ಕೂ ಮೇಲೆ ಇನ್ನೊಂದು ಇತ್ತು. ಮೊನ್ನೆ ಅಂತ."

"ಮೊನ್ನೆ?"

"ಮಗುವಿಗೆ ಜ್ವರ, ನಾಲ್ಕು ದಿನದಿಂದ ಬರೆಯಲು ಆಗಿಲ್ಲ. ಮೊನ್ನೆ ಅತ್ತೆ ಅಂದರು, ಅಂತ ಬರ್ದಿದೀಯ. ಅವತ್ತೇ ಬರೆದದ್ದಲ್ಲ ಅದು."

ಬೇಕಿದ್ದರೆ ಎದ್ದು ಹೋಗಿ ಮೌಸನ್ನು ಒಂದಿಷ್ಟು ಅಲ್ಲಾಡಿಸಿ ನೋಡಬಹುದಿತ್ತು. ನೋಡಲಿಲ್ಲ. ಅಷ್ಟೊಂದು ಸಲ ತೆರೆದ ಪುಟದಲ್ಲಿ ನಾನು ನನಗೆ ಬೇಕಾದ ಮೂರು ಪದ ಮಾತ್ರ ಓದುತ್ತಿದ್ದೆ ಎಂಬುದು, ನೋಡದೆಯೇ ಗೊತ್ತಾಗಿತ್ತು.

"ಖಂಡಿತ ಹಾಗೇ ಹೇಳಿದ್ರಾ?" ಎಂದು ಕೇಳಿದೆ. ಕೇಳಿದ್ದು ಒರಟಾಯಿತೇನೋ.

ಅತ್ತೆ ಬತ್ತಿಯನ್ನು ಬೆರಳ ನಡುವೆ ಹೊರಳಿಸುತ್ತಾ ಯೋಚಿಸಿದರು. "ಹಾಗೇ ಹೇಳಿದ್ದು ಅಂತ ನನ್ನ ನೆನಪು. ಬಾಯಿ ತಪ್ಪಿರಬಹುದು, ಯಾರಿಗ್ಗೊತ್ತು. ಶಾಲೇಲಿ ಉಕ್ತಲೇಖನ ಹೇಳುವಾಗ ಪ್ರತಿ ವಾಕ್ಯ ಎರಡೆರಡು ಸಲ ಹೇಳ್ತಿದ್ದೆ. ನಿನಗೆ ಒಂದೇ ಸಲ ಹೇಳಿದೆ."

ಆ ಬತ್ತಿಯನ್ನು ಪಕ್ಕಕ್ಕಿಟ್ಟು ಮತ್ತೆ ಅಂದರು: "ಮಾರನೇ ದಿನ ನೀನು ಪುಸ್ತಕ ಎಲ್ಲ ಅಟ್ಟಕ್ಕೆ ಹಾಕ್ದೆ. ನಾನು ನೋಡ್ಕೋತೀನಿ ಅಂದ್ರೂ ಇವಳಿಗೆ ನಂಬಿಕೆ ಇಲ್ಲ, ಮಗೂನ ನನ್ನ ಕೈಲಿ ಬಿಡಕ್ಕೆ ಇಷ್ಟ ಇಲ್ಲ, ಅಂದ್ಕೊಂಡೆ. ಬೇಜಾರಾಯ್ತು. ಆಮೇಲೆ ಕೇಳೋದಕ್ಕೆ ಹೋಗಲಿಲ್ಲ."

ಹಾಗಾದರೆ ಅವರೂ ಹನ್ನೆರಡು ವರ್ಷ ಒಂದು ಸಾಲನ್ನು ಇಟ್ಟುಕೊಂಡೇ ಸೊಪ್ಪು ಬಿಡಿಸಿದ್ದರು. ನನ್ನದಾದರೂ ಎಲ್ಲೋ ಬರೆದಿತ್ತು.

ಒಳಗೆ ಹೋಗಿ ಅರ್ಜಿ ತಂದೆ. ಅವರಿಗೆ ಅದರ ವಿಷಯ ಗೊತ್ತಿರಲಿಲ್ಲ. ನನ್ನ ಗಂಡನಿಗೂ ನಾನು ಹೇಳಿರಲಿಲ್ಲ. ಕನ್ನಡಕ ಇಲ್ಲದ್ದರಿಂದ, "ಓದಿ ಹೇಳು," ಅಂದರು. ಓದುವ ಹಾಗಿಲ್ಲವೆಂದು ಇಬ್ಬರಿಗೂ ನೆನಪಾಗಲಿಲ್ಲವೋ, ನೆನಪಾಗಿಯೂ ಸುಮ್ಮನಾದೆವೋ. ಮೊದಲಿಂದ ಓದಿದೆ. ಖಾಲಿ ಅಂಕಣಕ್ಕೆ ಬಂದಾಗ ಅವರು ಕೈ ನಿಲ್ಲಿಸಿದರು.

"ಇಲ್ಲಿ ನನ್ನ ಹೆಸರು ಬರೀಬೇಕು ಅಂತಿದ್ಯಾ?"

"ಹೆಸರು ಅಂತಲ್ಲ..."

"ಅತ್ತೆ ಅಂತಾದ್ರೂ."

ನಾನು ಹಾಳೆ ಮಡಿಸಿದೆ. "ಅತ್ತೆ, ಈಗ ಕೇಳ್ತಿದೀನಿ. ಅರ್ಜಿ ಕೊಡಲಾ? ಕೊಟ್ರೆ ವಾರದಲ್ಲಿ ಮೂರು ದಿನ ಸಂಜೆ ಲೈಬ್ರರಿಗೆ ಹೋಗ್ಬೇಕಾಗತ್ತೆ."

"ನಾನು ಹೇಳಲ್ಲ," ಅಂದರು.

"ಯಾಕೆ?"

"ನಾನು ಹೂಂ ಅಂದ್ರೂ ಬರ್ಕೋತೀಯ, ಉಹೂಂ ಅಂದ್ರೂ ಬರ್ಕೋತೀಯ. ಇನ್ನು ಹತ್ತು ವರ್ಷ ಆದ್ಮೇಲೆ ಅದರ ಅರ್ಥ ಏನಾಗಿರತ್ತೋ. ನಿನಗೆ ಓದಬೇಕು ಅನ್ಸಿದ್ರೆ ಓದು. ಅನ್ನಿಸ್ದಿದ್ರೆ ಆ ಹಾಳೆ ಹರಿದು ಹಾಕು. ನನ್ನ ಬಾಯಿಂದ ಬೇಡ."

ಸಿಟ್ಟಿನಿಂದ ಹೇಳಲಿಲ್ಲ. ಎದ್ದು ದೀಪಕ್ಕೆ ಎಣ್ಣೆ ಹಾಕಿದರು. ನಾನು ಆ ಶಲ್ಯ ಸರಿಸಿ, ಕಂಪ್ಯೂಟರನ್ನು ಆಫ್ ಮಾಡಿದೆ. ಫ್ಯಾನು ನಿಂತಾಗ, "ಅದು ಅಷ್ಟು ಹೊತ್ತೂ ಓಡ್ತಾ ಇತ್ತಾ?" ಅಂದರು ಅತ್ತೆ. ನಾನು ಶಲ್ಯವನ್ನು ಮತ್ತೆ ಹೊದಿಸಿದೆ. ಅವರು ಮತ್ತೆ ಕೇಳಲಿಲ್ಲ.

ಶ್ರವಣ ಬರುವವರೆಗಿನ ಹೊತ್ತು ನನಗೆ ಬಹಳ ಉದ್ದವಾಗಿತ್ತು. ಓದಬೇಕು ಅನ್ನಿಸುತ್ತಿದೆಯೇ ಎಂದು ನನ್ನನ್ನೇ ಕೇಳಿಕೊಂಡು ಮನೆ ತುಂಬ ಓಡಾಡಿದೆ. ಅಟ್ಟದಿಂದ ಹಳೆಯ ಟಿಪ್ಪಣಿಗಳ ಕಟ್ಟು ಇಳಿಸಿದೆ, ಮತ್ತೆ ಮೇಲಿಟ್ಟೆ. ಯಾರೋ ತಡೆದಿದ್ದಾರೆ ಎಂದು ಇದ್ದಾಗ ಓದಬೇಕೆಂಬ ಆಸೆ ಎಷ್ಟು ನಿಚ್ಚಳವಾಗಿತ್ತು. ತಡೆಯುವವರಿಲ್ಲ ಎಂದಾಗ ಅದು ಇದೆಯೋ ಇಲ್ಲವೋ ಎಂದೇ ತಿಳಿಯಲಿಲ್ಲ. ಭಯ ಮಾತ್ರ ಸ್ಪಷ್ಟವಾಗಿತ್ತು. ಆ ಹಳೆಯ ಎರಡು ಅಧ್ಯಾಯಗಳು ಚೆನ್ನಾಗಿಲ್ಲದಿದ್ದರೆ ಎಂಬ ಭಯ. ಅದು ಹನ್ನೆರಡು ವರ್ಷದ ಹಿಂದೆಯೂ ಇತ್ತೇ? ಮಿಕ್ಸಿಯ ಸದ್ದಿನೊಳಗಿಂದ ನನಗೆ ಬೇಕಾದ ಮಾತನ್ನೇ ಆರಿಸಿಕೊಂಡೆನೇ? ಇದಕ್ಕೆ ದಿನಚರಿಯಲ್ಲಿ ಪುಟವಿಲ್ಲ.

ಶ್ರವಣದ ದಿನ ಮರುಪೂಜೆಯಾಗಿ ಎಲ್ಲರೂ ನಾಲ್ಕು ಸಾಲು ಓದಿ, ನಾಲ್ಕು ಅಕ್ಷರ ಬರೆದೆವು. ನಾನು ಅರ್ಜಿಯನ್ನೇ ಎಳೆದುಕೊಂಡು ಕಾರಣದ ಅಂಕಣದಲ್ಲಿ ಒಂದೇ ಪದ ಬರೆದೆ. ಇದಕ್ಕಿಂತ ನಿಜವಾದದ್ದು ಹೊಳೆಯಲಿಲ್ಲ.

ಸೋಮವಾರ ವಿಶ್ವವಿದ್ಯಾಲಯದ ಕಿಟಕಿಯ ಹಿಂದೆ ಕೂತಿದ್ದ ಗುಮಾಸ್ತರು ಅರ್ಜಿಯನ್ನು ಮೇಲಿಂದ ಕೆಳಕ್ಕೆ ಬೆರಳಿಟ್ಟು ನೋಡುತ್ತಾ ಬಂದು, ಅಲ್ಲಿ ನಿಂತರು.

"ಇದೇನ್ ಮೇಡಂ, 'ಕೇಳಲಿಲ್ಲ' ಅಂತ ಬರ್ದಿದೀರ?"

"ಕಾರಣ."

"ಯಾರನ್ನ ಕೇಳಲಿಲ್ಲ? ಪರ್ಮಿಷನ್ನಾ?"

"ಅದೂ ಇದೆ."

"ಮತ್ತಿನ್ನೇನು? ಕಿವಿ ಪ್ರಾಬ್ಲಮ್ಮಾ? ಹಾಗಿದ್ರೆ ಡಾಕ್ಟರ್ ಸರ್ಟಿಫಿಕೇಟು ಬೇಕಾಗತ್ತೆ."

ಹಿಂದೆ ನಿಂತಿದ್ದ ಹುಡುಗಿ ನಕ್ಕಳು. ಗುಮಾಸ್ತರು ನಗಲಿಲ್ಲ, ಸರತಿ ಉದ್ದವಿತ್ತು. "ಕಮಿಟಿ ಮುಂದೆ ಹೋಗೋದು ಮೇಡಂ ಇದು. ಕೌಟುಂಬಿಕ ಕಾರಣ ಅಂತ ಹಾಕ್ಬಿಡಿ. ಲೇಡೀಸೆಲ್ಲ ಅದನ್ನೇ ಹಾಕೋದು, ಯಾರೂ ಏನೂ ಅನ್ನಲ್ಲ."

ಪೆನ್ನು ತೆಗೆದು ಬರೆದಿದ್ದ ಪದಕ್ಕೆ ಗೀಟು ಎಳೆದೆ. ಪಕ್ಕದಲ್ಲಿ ಅವರು ಹೇಳಿದ್ದನ್ನು ಬರೆಯಲು ಹೋಗಿ, ಕೌ ಬರೆದು, ನಿಂತೆ. ಅದನ್ನೂ ಹೊಡೆದುಹಾಕಿ, "ಸ್ವಂತ ನಿರ್ಧಾರ" ಎಂದು ಬರೆದು ಹಾಳೆಯನ್ನು ಕಿಟಕಿಯೊಳಗೆ ತಳ್ಳಿದೆ.

ಅವರು ಅದನ್ನು ಓದಿದರೋ ಇಲ್ಲವೋ. ಸೀಲು ಎತ್ತಿಕೊಂಡವರು, ಏನೋ ನೆನಪಾದ ಹಾಗೆ ಹಾಳೆಯನ್ನು ನನ್ನ ಕಡೆ ಮತ್ತೆ ತಿರುಗಿಸಿದರು. "ಎರಡು ಕಡೆ ಹೊಡೆದಿದೀರ. ಎರಡು ಕಡೇನೂ ಸಹಿ ಹಾಕಿ."

ಹಾಕಿದೆ.